ಅಪ್ಪನ ಕುಡಿತದ ಕಥೆ ಬರೆದ ಟೀಚರ್: ಒಂದು ಆಪ್ತಸಲಹೆ ಪ್ರಕರಣ

ಇದು ಒಬ್ಬ ಪ್ರೌಢಶಾಲೆ ಶಿಕ್ಷಕಿಯ ಪ್ರಕರಣ. ಅವರ ಒಪ್ಪಿಗೆ ಪಡೆದು, ಊರು, ಮನೆಯವರ ವಿವರ, ಗುರುತು ಸಿಗುವಂಥದ್ದನ್ನೆಲ್ಲ ಬದಲಿಸಿ ಬರೆಯುತ್ತಿದ್ದೇನೆ. ಹೆಸರು ಬೇಡ, ಟೀಚರ್ ಅಂತಲೇ ಕರೆಯೋಣ.

ಟೀಚರ್‌ಗೆ ನಲವತ್ತರ ಹತ್ತಿರ ವಯಸ್ಸು. ಕಥೆ ಬರೆಯುವ ಆಸೆ ಕಾಲೇಜಿನಿಂದಲೂ ಇತ್ತು. ದೀಪಾವಳಿ ವಿಶೇಷಾಂಕದ ಕಥಾಸ್ಪರ್ಧೆಗೆ ಅಂತ ಈ ಸಲ ಧೈರ್ಯ ಮಾಡಿ ಒಂದು ಕಥೆ ಬರೆದರು. ತೀರಿಹೋದ ಅಪ್ಪನ ಕುಡಿತದ ಬಗ್ಗೆ. ರಾಜ್ಯದಲ್ಲಿ 2007ರಲ್ಲಿ ಸಾರಾಯಿ ನಿಷೇಧವಾಯಿತಲ್ಲ, ಅದಕ್ಕೂ ತುಂಬಾ ಮುಂಚಿನ ಮಾತು. ಸಂಬಳದ ದಿನ ಅಪ್ಪ ಮನೆಗೆ ಬರುವುದು ತಡವಾದರೆ ಅಮ್ಮ ಮಗಳನ್ನು ಸಾರಾಯಿ ಅಂಗಡಿ ಹತ್ತಿರ ಕಳಿಸುತ್ತಿದ್ದದ್ದು, ಅಪ್ಪ ತೂರಾಡಿಕೊಂಡು ಬಂದು ಊಟದ ತಟ್ಟೆ ಎಸೆಯುತ್ತಿದ್ದದ್ದು, ಅಮ್ಮ ಒಂದು ಸಲ ಯಾರಿಗೂ ಹೇಳದೆ ತಾಳಿ ಗಿರವಿ ಇಟ್ಟು, ದಾರಕ್ಕೆ ಅರಿಶಿನ ಕೊಂಬು ಕಟ್ಟಿಕೊಂಡು, ಸೆರಗು ಮುಚ್ಚಿಕೊಂಡೇ ತಿಂಗಳುಗಟ್ಟಲೆ ಓಡಾಡಿದ್ದು, ಎಲ್ಲ ಇದ್ದ ಹಾಗೇ ಕಥೆಗೆ ಬಂದಿತ್ತು. ಬದಲಾಗಿದ್ದು ಹೆಸರುಗಳು ಮಾತ್ರ.

ಸ್ಪರ್ಧೆಗೆ ಕಳಿಸುವ ಮುಂಚೆ ತಮ್ಮನಿಗೆ ವಾಟ್ಸ್‌ಆ್ಯಪ್ ಮಾಡಿದರು. ಅವನು ರಾತ್ರಿಯೇ ಫೋನ್ ಮಾಡಿ ಕೂಗಾಡಿದ. "ನಿನ್ನನ್ನ ಓದಿಸಿದ್ದು ಯಾರಕ್ಕಾ? ಸತ್ತವರ ಮೇಲೆ ಕೆಸರು ಎರಚ್ತೀಯಾ? ಇದು ಅಚ್ಚಾದರೆ ಕೋರ್ಟಿಗೆ ಹೋಗ್ತೀನಿ." ಅಮ್ಮ ಜಗಳ ಆಡಲಿಲ್ಲ. "ತಾಳಿ ವಿಷಯ ನಿನಗೊಬ್ಬಳಿಗೇ ಹೇಳಿದ್ದೆ ಕಣೇ" ಅಂದು ಸುಮ್ಮನಾದರು.

ನನ್ನ ಹತ್ತಿರ ಬರುವ ಹೊತ್ತಿಗೆ ಟೀಚರ್‌ಗೆ ನಿದ್ದೆ ಕೆಟ್ಟಿತ್ತು. ಕ್ಲಾಸಿನಲ್ಲಿ ಸಣ್ಣದಕ್ಕೂ ಸಿಟ್ಟು ಬರುತ್ತಿತ್ತು. ಕೂತ ಕೂಡಲೇ ಕೇಳಿದ್ದು ಒಂದೇ ಪ್ರಶ್ನೆ: "ನನ್ನ ಬದುಕನ್ನ ನಾನು ಬರೆಯೋಕೂ ಇನ್ನೊಬ್ಬರ ಅಪ್ಪಣೆ ಬೇಕಾ ಮೇಡಂ?"

ಬೇಕು, ಬೇಡ ಅಂತ ನಾನು ಆಗಲೇ ಹೇಳಲಿಲ್ಲ. ಕಥೆ ಓದಿ ಅಂದೆ. ತಟ್ಟೆ ಎಸೆದದ್ದು, ತಾಳಿ ಗಿರವಿ ಎಲ್ಲ ಗಟ್ಟಿ ದನಿಯಲ್ಲಿ ಓದಿದರು. ಅಂಗಡಿ ಹತ್ತಿರ ಹುಡುಗಿ ಕಾಯುತ್ತಿದ್ದಳು ಅನ್ನೋ ಒಂದು ಸಾಲು ಬಂದಾಗ ದನಿ ನಿಂತುಹೋಯಿತು. ಕಾಯುವಾಗ ಏನು ಮಾಡ್ತಿದ್ರಿ ಅಂತ ಕೇಳಿದೆ. ಅಂಗಡಿ ಎದುರಿಗೆ ಒಂದು ಚಪ್ಪಡಿ ಕಲ್ಲಿತ್ತಂತೆ, ಅದರ ಮೇಲೆ ಕೂರುತ್ತಿದ್ದರಂತೆ. ಒಂದು ಸಂಜೆ ಅವರದೇ ಕ್ಲಾಸಿನ ಹುಡುಗನೊಬ್ಬ ಸೈಕಲ್ಲಿನಲ್ಲಿ ಬಂದ. ಇವರು ತಕ್ಷಣ ಬಗ್ಗಿ, ಸರಿಯಾಗೇ ಇದ್ದ ಹವಾಯಿ ಚಪ್ಪಲಿಯ ಬಾರನ್ನು ಕಿತ್ತು, ಮತ್ತೆ ತೂತಿಗೆ ಸಿಕ್ಕಿಸುತ್ತಾ ಕೂತರಂತೆ, ಅವನು ದಾಟಿ ಹೋಗುವವರೆಗೂ ತಲೆ ಎತ್ತದೆ. ಇದನ್ನು ಗಂಡನಿಗೂ ಹೇಳಿರಲಿಲ್ಲ. ಕಥೆಯಲ್ಲೂ ಇರಲಿಲ್ಲ.

ನನಗೆ ಇಲ್ಲೇ ವಿಷಯ ಸ್ಪಷ್ಟವಾಯಿತು. ಕಥೆಯಲ್ಲಿ ಅಪ್ಪನ ತಪ್ಪಿತ್ತು, ಅಮ್ಮನ ಗುಟ್ಟಿತ್ತು. ಟೀಚರ್‌ದೇ ಆದ ಅನುಭವ ಮಾತ್ರ ಹೊರಗೇ ಉಳಿದಿತ್ತು. ಅದನ್ನು ಹಾಗೇ ಹೇಳಿದೆ. ಸ್ವಂತ ಅನುಭವ ಅಂದರೆ ಮನೆಯಲ್ಲಿ ನಡೆದದ್ದೆಲ್ಲ ಅಲ್ಲ, ಅದರಲ್ಲಿ ನಿಮಗೆ ಆದದ್ದು. ಚಪ್ಪಲಿ ಬಾರು ಬರೆಯೋಕೆ ನಿಮಗೆ ಯಾರ ಅಪ್ಪಣೆಯೂ ಬೇಡ. ತಾಳಿ ಅಮ್ಮನದು, ಅದಕ್ಕೆ ಅಮ್ಮನನ್ನೇ ಕೇಳಬೇಕು.

ಮೊದಲ ಸಲಹೆ ಕಥೆಯದ್ದಲ್ಲ, ನಿದ್ದೆಯದ್ದು. ಸ್ಪರ್ಧೆಯನ್ನು ಸದ್ಯಕ್ಕೆ ಮರೆತು, ಯಾರಿಗೂ ತೋರಿಸದ ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆಯಲು ಹೇಳಿದೆ. ಕಾಗುಣಿತ, ಶೈಲಿ ಯಾವುದನ್ನೂ ನೋಡಬಾರದು. ಇದು ನಾನು ಕಟ್ಟಿದ ಉಪಾಯ ಅಲ್ಲ. ಅಮೆರಿಕದ ಮನಶ್ಶಾಸ್ತ್ರ ಸಂಶೋಧಕರಾದ ಜೇಮ್ಸ್ ಪೆನ್ನೆಬೇಕರ್ ಮತ್ತು ಸ್ಯಾಂಡ್ರಾ ಬೀಲ್ 1986ರಲ್ಲಿ ಪ್ರಕಟಿಸಿದ ಅಧ್ಯಯನದ ಕ್ರಮ. ಅಲ್ಲಿ ವಿದ್ಯಾರ್ಥಿಗಳು ನಾಲ್ಕು ರಾತ್ರಿ 15 ನಿಮಿಷದಂತೆ ಬರೆದರು. ನಡೆದದ್ದನ್ನೂ ಆಗ ಮನಸ್ಸಿಗೆ ಆದದ್ದನ್ನೂ ಸೇರಿಸಿ ಬರೆದವರಿಗೆ ಬರೆದ ಕೂಡಲೇ ಬೇಜಾರು ಜಾಸ್ತಿಯೇ ಆಯಿತು, ಆದರೆ ಮುಂದಿನ ತಿಂಗಳುಗಳಲ್ಲಿ ಅವರು ಆರೋಗ್ಯ ಕೇಂದ್ರಕ್ಕೆ ಹೋಗಿದ್ದು ಕಡಿಮೆ. ಆಮೇಲಿನ ಅಧ್ಯಯನಗಳಲ್ಲಿ ಫಲ ಒಂದೇ ಥರ ಬಂದಿಲ್ಲ, ಬಂದ ಕಡೆಯೂ ದೊಡ್ಡದಲ್ಲ. ಹಾಗಾಗಿ ಇದನ್ನು ಮದ್ದು ಅಂತ ನಾನು ಯಾರಿಗೂ ಹೇಳುವುದಿಲ್ಲ. ಬರೆಯುತ್ತಾ ತಡೆಯಲಾರದಷ್ಟು ಸಂಕಟ ಆದರೆ ನಿಲ್ಲಿಸಿಬಿಡಿ, ರಾತ್ರಿ ಹೊತ್ತಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು ಅಂತ ಹೇಳಿ ಕಳಿಸಿದೆ.

ಮುಂದಿನ ಭೇಟಿಯಲ್ಲಿ ಜಗಳ ಬಂದದ್ದು ನನಗೂ ಅವರಿಗೂ. ಊರು ಬದಲಿಸಿ, ಅಪ್ಪನ ಕೆಲಸ ಬದಲಿಸಿ, ಬೇಕಾದರೆ ಮಕ್ಕಳ ಸಂಖ್ಯೆಯನ್ನೂ ಬದಲಿಸಿ ಅಂದಾಗ ಟೀಚರ್ ಸುತರಾಂ ಒಪ್ಪಲಿಲ್ಲ. ಹಾಗೆ ಮಾಡಿದರೆ ಸುಳ್ಳಾಗುತ್ತದೆ ಅನ್ನುವುದು ಅವರ ವಾದ. ಎಸ್.ಎಲ್. ಭೈರಪ್ಪನವರ ಉದಾಹರಣೆ ಕೊಟ್ಟೆ. ಅವರ ಬಾಲ್ಯದ ಬಡತನ, ಮನೆಯ ಪ್ಲೇಗ್ ಸಾವುಗಳ ಅನುಭವ ಕಾದಂಬರಿಯಾಗಿ 'ಗೃಹಭಂಗ'ಕ್ಕೆ ಬಂದದ್ದು 1970ರಲ್ಲಿ, ಆತ್ಮಕಥೆ 'ಭಿತ್ತಿ' ಬಂದದ್ದು 1996ರಲ್ಲಿ. ಆತ್ಮಕಥೆ ಅಲ್ಲ ಅನ್ನೋ ಕಾರಣಕ್ಕೆ ಆ ಕಾದಂಬರಿ ಸುಳ್ಳು ಅಂತ ಯಾವ ಓದುಗನಿಗೂ ಅನಿಸುವುದಿಲ್ಲ ಅಲ್ವಾ? ಟೀಚರ್ ಸ್ವಲ್ಪ ಹೊತ್ತು ಯೋಚಿಸಿ, "ಕಲ್ಲು ಮಾತ್ರ ಬದಲಿಸಲ್ಲ" ಅಂದರು. ಅದನ್ನು ಬದಲಿಸುವುದು ಬೇಡವೇ ಬೇಡ ಅಂದೆ.

ಕೋರ್ಟಿನ ಮಾತಿಗೆ ಅವರು ನಿಜಕ್ಕೂ ಹೆದರಿದ್ದರು. ನಾನು ವಕೀಲೆ ಅಲ್ಲ. ಆದರೂ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನ ಪ್ರಕಾರ, ಮನೆಯವರಿಗೆ ನೋವಾಗಲಿ ಅನ್ನೋ ಉದ್ದೇಶದಿಂದ ಸತ್ತವರ ಮೇಲೆ ಅಪವಾದ ಹೊರಿಸಿದರೆ ಅದೂ ಮಾನಹಾನಿ ಆಗಬಹುದು. ಇಲ್ಲಿ ಅಂಥ ಉದ್ದೇಶ ಇಲ್ಲ. ಆದರೆ "ಇದು ಕಾಲ್ಪನಿಕ" ಅಂತ ಕೆಳಗೆ ಒಂದು ಸಾಲು ಹಾಕಿದ ಮಾತ್ರಕ್ಕೆ, ಊರವರಿಗೆಲ್ಲ ಗುರುತು ಸಿಗುವ ಕಥೆ ಕಾಲ್ಪನಿಕ ಆಗುವುದಿಲ್ಲ. ಅಚ್ಚಿಗೆ ಕೊಡುವ ಮುಂಚೆ ವಕೀಲರೊಬ್ಬರಿಗೆ ತೋರಿಸಿ ಅಂದೆ.

ತಮ್ಮನ ವಿಷಯದಲ್ಲಿ ನಾನು ಹೇಳಿದ್ದು ಇಷ್ಟೇ. ಕಥೆ ಒಪ್ಪಿಕೋ ಅಂತ ಅವನ ಬೆನ್ನು ಬೀಳಬೇಡಿ, ಅಪ್ಪ ನಿನಗೆ ಹೇಗೆ ನೆನಪಿದ್ದಾರೆ ಅಂತ ಕೇಳಿ. ಕೇಳಿದರು. ಜ್ವರ ಬಂದಾಗ ಅಪ್ಪ ರಾತ್ರಿಯೆಲ್ಲ ಹೆಗಲ ಮೇಲೆ ಹೊತ್ತು ಆಸ್ಪತ್ರೆಗೆ ನಡೆದದ್ದನ್ನು ಅವನು ಹೇಳಿದ. ಟೀಚರ್‌ಗೆ ಅದು ಗೊತ್ತೇ ಇರಲಿಲ್ಲ, ಆ ವರ್ಷ ಅವರು ಅಜ್ಜಿ ಮನೆಯಲ್ಲಿದ್ದರು. ಅದನ್ನು ಕಥೆಗೆ ಸೇರಿಸಿ ಅಂತ ನಾನು ಹೇಳಲಿಲ್ಲ. ಅದು ತಮ್ಮನ ನೆನಪು. ಆದರೆ ಅಪ್ಪ ಬರೀ ಕುಡುಕ ಆಗಿದ್ದ ಆ ಕರಡನ್ನು ಅವರು ತಾವಾಗಿಯೇ ಪಕ್ಕಕ್ಕಿಟ್ಟರು. ಅಪ್ಪ ಮಾಡಿದ್ದು ಮಾಡಿದ್ದೇ, ಅದನ್ನು ಮೆತ್ತಗೆ ಮಾಡಬೇಕಿಲ್ಲ. ಬರೆಯುವವರಿಗೆ ಆ ಮನುಷ್ಯ ಪೂರ್ತಿ ಕಾಣಬೇಕು ಅನ್ನುವುದಷ್ಟೇ ನನ್ನ ಆಸೆ.

ಅಮ್ಮನನ್ನೂ ಕೇಳಿದರು. "ನಾನಿರೋವರೆಗೂ ಬೇಡ" ಅಂದರಂತೆ. ತಾಳಿ ಕಥೆಯಿಂದ ಹೋಯಿತು. ಅದು ಕಥೆಯ ಅತ್ಯುತ್ತಮ ಭಾಗವಾಗಿತ್ತು ಅಂತ ಟೀಚರ್‌ಗೆ ಈಗಲೂ ಬೇಸರವಿದೆ. ನನಗೂ ಅದು ನಷ್ಟ ಅಂತಲೇ ಅನಿಸುತ್ತದೆ, ಆದರೂ ಅವರು ಮಾಡಿದ್ದು ಸರಿ.

ಈ ವರ್ಷದ ಸ್ಪರ್ಧೆಯ ಗಡುವು ಮುಗಿದಿದೆ. ನಿದ್ದೆ ಬಹುಮಟ್ಟಿಗೆ ಸರಿಹೋಗಿದೆ, ಹೊಸ ಕರಡು ನಡೆಯುತ್ತಿದೆ. ಮುಂದಿನ ಭೇಟಿಗೆ ತಮ್ಮನೂ ಬರುತ್ತೇನೆ ಅಂದಿದ್ದಾನೆ, ಕಥೆಯ ಮಾತೆತ್ತಬಾರದು ಅನ್ನೋ ಷರತ್ತಿನ ಮೇಲೆ. ಟೀಚರೂ ನಾನೂ ಒಪ್ಪಿದ್ದೇವೆ.