ಮಗು ಮಾತ್ರೆ ನುಂಗಿದಾಗ: ಓದುಗರ ಪ್ರಶ್ನೆ, ಮಕ್ಕಳ ವೈದ್ಯರ ಉತ್ತರ

ಪ್ರಶ್ನೆ: ಡಾಕ್ಟರಿಗೆ ನಮಸ್ಕಾರಗಳು. ಕಳೆದ ತಿಂಗಳು ಒಂದು ಸಂಜೆ ನಮ್ಮ ಎರಡೂವರೆ ವರ್ಷದ ಮಗ ಅತ್ತೆಯವರ ಎಲೆ ಅಡಿಕೆ ಸಂಚಿ ಬಿಚ್ಚಿ, ಅದರಲ್ಲಿದ್ದ ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಬಾಯಿಗೆ ಹಾಕಿಕೊಂಡ. ಎಷ್ಟು ನುಂಗಿದ ಎಂಬುದು ಯಾರಿಗೂ ಗೊತ್ತಾಗಲಿಲ್ಲ. ಗಾಬರಿಯಲ್ಲಿ ಉಪ್ಪುನೀರು ಕುಡಿಸಿದೆವು, ಸ್ವಲ್ಪ ವಾಂತಿಯಾಯಿತು. ಆಮೇಲೆ ಎಂದಿನಂತೆ ಆಡಿ, ಊಟ ಮಾಡಿ ಮಲಗಿದ. ನಡುರಾತ್ರಿ ಮೈಯೆಲ್ಲ ಬೆವೆತು ತಣ್ಣಗಾಗಿ, ಎಬ್ಬಿಸಿದರೂ ಕಣ್ಣು ಬಿಡದಂತಾದಾಗ ಆಸ್ಪತ್ರೆಗೆ ಓಡಿದೆವು. ಗ್ಲೂಕೋಸ್ ಕೊಟ್ಟು ಉಳಿಸಿದರು, ಈಗ ಆರಾಮಾಗಿದ್ದಾನೆ. ವಾಂತಿಯಾದ ಮೇಲೂ, ಅಷ್ಟು ಹೊತ್ತು ಚೆನ್ನಾಗಿದ್ದ ಮೇಲೂ ಹೀಗೇಕಾಯಿತು? ಅತ್ತೆಯವರು ಅಂದಿನಿಂದ ಮೊಮ್ಮಗನನ್ನು ಎತ್ತಿಕೊಳ್ಳುವುದಕ್ಕೂ ಹೆದರುತ್ತಿದ್ದಾರೆ. ಅವರಿಗೆ ಏನು ಹೇಳಲಿ?
– ಒಬ್ಬ ತಾಯಿ, ನಿಟ್ಟುವಳ್ಳಿ, ದಾವಣಗೆರೆ

ಉತ್ತರ: ಮಗ ಈಗ ಆರಾಮಾಗಿದ್ದಾನೆ ಎಂದು ಬರೆದಿದ್ದೀರಿ, ಅದನ್ನು ಓದಿ ಮನಸ್ಸಿಗೆ ಸಮಾಧಾನವಾಯಿತು. ಆದರೂ ರಕ್ತದ ಸಕ್ಕರೆ ಅಷ್ಟು ಕುಸಿದಿದ್ದ ಮಗುವಾದ್ದರಿಂದ, ಅವನ ನಡಿಗೆ, ಮಾತು, ಗಮನ ಎಲ್ಲವೂ ಸರಿಯಾಗಿವೆಯೇ ಎಂದು ನಿಮ್ಮ ಮಕ್ಕಳ ವೈದ್ಯರಿಂದ ಇನ್ನೊಮ್ಮೆ ಪರೀಕ್ಷೆ ಮಾಡಿಸಿ.

ಸಕ್ಕರೆ ಕಾಯಿಲೆಗೆ ಕೊಡುವ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್, ಗ್ಲಿಪಿಜೈಡ್‌ನಂತಹ ಮಾತ್ರೆಗಳು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತವೆ. ಅಜ್ಜಿಯ ದೇಹಕ್ಕೆ ಬೇಕಾದ ಆ ಇನ್ಸುಲಿನ್, ಹತ್ತು ಹನ್ನೆರಡು ಕಿಲೋ ತೂಕದ ಮಗುವಿನ ರಕ್ತದಲ್ಲಿರುವ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸಬಲ್ಲದು. ಅದಕ್ಕೆ ಒಂದೇ ಮಾತ್ರೆ ಸಾಕಾಗಬಹುದು. ಮಗು ತಿನ್ನುತ್ತ ಆಡುತ್ತ ಇರುವಷ್ಟು ಹೊತ್ತು ಊಟದ ಸಕ್ಕರೆ ಈ ಕುಸಿತವನ್ನು ತಡೆದು ಮರೆಮಾಚುತ್ತದೆ. ರಾತ್ರಿ ಮಲಗಿ ಹೊಟ್ಟೆ ಖಾಲಿಯಾದಾಗ ಮಾತ್ರೆಯ ಪ್ರಭಾವ ಹೊರಬೀಳುತ್ತದೆ, ನಿದ್ದೆಯಲ್ಲಿರುವ ಮಗುವಿಗೆ ಮಂಪರು ಕವಿದಿದೆ ಎಂಬುದು ಪಕ್ಕದಲ್ಲೇ ಮಲಗಿದವರಿಗೂ ತಿಳಿಯುವುದಿಲ್ಲ. ನೀವು ಆ ಬೆವರನ್ನು ಗಮನಿಸಿದ್ದೇ ಮಗನನ್ನು ಉಳಿಸಿತು. ಇಂತಹ ಮಾತ್ರೆ ನುಂಗಿದ ಮಗುವನ್ನು, ಅದು ನಗುನಗುತ್ತ ಇದ್ದರೂ, ಆಸ್ಪತ್ರೆಯಲ್ಲಿ ಒಂದು ದಿನದ ಮಟ್ಟಿಗೆ ಇರಿಸಿಕೊಂಡು ಮತ್ತೆಮತ್ತೆ ಸಕ್ಕರೆ ಪರೀಕ್ಷೆ ಮಾಡುವುದು ಇದೇ ಕಾರಣಕ್ಕೆ. ಮೆಟ್‌ಫಾರ್ಮಿನ್ ಎಂಬ ಸಕ್ಕರೆ ಕಾಯಿಲೆಯ ಇನ್ನೊಂದು ಔಷಧ ಒಂದೇ ಇರುವ ಮಾತ್ರೆಯಿಂದ ಸಕ್ಕರೆ ಹೀಗೆ ಕುಸಿಯುವುದು ಅಪರೂಪ, ಆದರೆ ನಮ್ಮಲ್ಲಿ ಎರಡು ಮೂರು ಔಷಧ ಸೇರಿಸಿದ ಮಾತ್ರೆಗಳೇ ಹೆಚ್ಚು ಬಳಕೆಯಲ್ಲಿವೆ. ಮಾತ್ರೆಯ ಹಾಳೆಯ (ಸ್ಟ್ರಿಪ್) ಮೇಲಿನ ಹೆಸರು ಓದದೆ ಯಾವುದನ್ನೂ ನಿರಪಾಯವೆಂದು ಬಗೆಯಬಾರದು.

ಇನ್ನು ಉಪ್ಪುನೀರಿನ ವಿಷಯ. ಇದು ನಮ್ಮ ಕಡೆ ಮನೆಮನೆಯಲ್ಲೂ ನಡೆದುಬಂದ ಪದ್ಧತಿ, ನೀವೊಬ್ಬರೇ ಮಾಡಿದ್ದಲ್ಲ. ಆದರೆ ಇದನ್ನು ನಿಲ್ಲಿಸಲೇಬೇಕು ಎಂದು ನಾನು ಕೈಮುಗಿದು ಕೇಳುತ್ತೇನೆ. ವಾಂತಿಯಲ್ಲಿ ನುಂಗಿದ ಔಷಧವೆಲ್ಲ ಹೊರಬರುವುದಿಲ್ಲ, ಹೊರಬಂದಿತೆಂಬ ಸುಳ್ಳು ಧೈರ್ಯ ಮಾತ್ರ ಬರುತ್ತದೆ. ಮಂಪರಿನಲ್ಲಿರುವ ಮಗು ವಾಂತಿ ಮಾಡಿದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಹೆಚ್ಚು ಉಪ್ಪು ರಕ್ತ ಸೇರಿ ಸೋಡಿಯಂ ಏರಿದರೆ ಅದೇ ಫಿಟ್ಸ್ ತರಬಲ್ಲದು. ಉಪ್ಪುನೀರಿನಿಂದಲೇ ಮಕ್ಕಳು ತೀರಿಕೊಂಡ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಗಂಟಲಿಗೆ ಬೆರಳು ಹಾಕುವುದು, ಸಾಬೂನು ನೀರು, ಹುಣಸೆ ನೀರು, ಮೊಟ್ಟೆಯ ಬಿಳಿ ಇವೂ ಬೇಡ. ಹಾಲು ವಿಷ ಮುರಿಯುತ್ತದೆ ಎಂಬ ನಂಬಿಕೆಗೂ ಆಧಾರವಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಸಂಸ್ಥೆಯು ಮನೆಯಲ್ಲಿ ವಾಂತಿ ಮಾಡಿಸುವ ಔಷಧ ಕೊಡುವುದು ಬೇಡವೆಂದು 2003ರಲ್ಲೇ ಹೇಳಿದೆ.

ಹಾಗಾದರೆ ಏನು ಮಾಡಬೇಕು? ಮೊದಲು ಬಾಯಿಯಲ್ಲಿ ಉಳಿದ ಮಾತ್ರೆಯ ಚೂರುಗಳನ್ನು ಬೆರಳಿನಿಂದ ಮೆಲ್ಲಗೆ ತೆಗೆಯಿರಿ. ಮಗುವಿಗೆ ಎಚ್ಚರವಿಲ್ಲದಿದ್ದರೆ, ಫಿಟ್ಸ್ ಬಂದಿದ್ದರೆ ಅಥವಾ ಉಸಿರು ಸರಿಯಿಲ್ಲದಿದ್ದರೆ ಆ ಕ್ಷಣವೇ 108ಕ್ಕೆ ಕರೆ ಮಾಡಿ, ಎಡಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನನ್ನೂ ಹಾಕಬೇಡಿ. ಎಚ್ಚರವಿದ್ದರೆ ಒಬ್ಬರು ಮಗುವನ್ನು ಎತ್ತಿಕೊಳ್ಳಿ. ಇನ್ನೊಬ್ಬರು ಮಾತ್ರೆಯ ಹಾಳೆ, ಡಬ್ಬಿ, ನೆಲದಲ್ಲಿ ಬಿದ್ದ ಮಾತ್ರೆ, ಔಷಧ ಚೀಟಿ ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಜೊತೆಗೆ ಹೊರಡಿ. ನಾವು ಆಸ್ಪತ್ರೆಯಲ್ಲಿ ಮೊದಲು ಕೇಳುವುದು ಯಾವ ಮಾತ್ರೆ, ಎಷ್ಟು, ಯಾವಾಗ ಮತ್ತು ಮಗುವಿನ ತೂಕವೆಷ್ಟು ಎಂಬುದನ್ನು. ಎಷ್ಟು ಎಂಬುದು ಗೊತ್ತಿಲ್ಲದಿದ್ದಾಗ, ಕೊಂಡ ದಿನದಿಂದ ಅಜ್ಜಿ ನುಂಗಿರಬೇಕಾದ ಮಾತ್ರೆಗಳನ್ನು ಲೆಕ್ಕ ಹಾಕಿ, ಕಾಣೆಯಾದ ಉಳಿದವೆಲ್ಲವೂ ಮಗುವಿನ ಹೊಟ್ಟೆ ಸೇರಿವೆ ಎಂದೇ ಭಾವಿಸಬೇಕು. ಔಷಧ ಅಂಗಡಿಯಲ್ಲಿ ಕತ್ತರಿಸಿ ಕೊಟ್ಟ ನಾಲ್ಕು ಮಾತ್ರೆಗಳ ತುಂಡಿನಲ್ಲಿ ಎಷ್ಟೋ ಸಲ ಹೆಸರೇ ಇರುವುದಿಲ್ಲವಾದ್ದರಿಂದ, ನಿತ್ಯದ ಮಾತ್ರೆಗಳನ್ನಾದರೂ ಪೂರ್ತಿ ಹಾಳೆಯಾಗಿ ಕೊಳ್ಳಿ. ದೆಹಲಿಯ ಏಮ್ಸ್ ಆಸ್ಪತ್ರೆಯ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಶುಲ್ಕರಹಿತ ಸಂಖ್ಯೆ 1800 116 117 ಹಗಲಿರುಳೂ ಇರುತ್ತದೆ. ಆದರೆ ಕರೆ ಸಿಗಲೆಂದು ಮನೆಯಲ್ಲಿ ಕಾಯಬೇಡಿ, ದಾರಿಯಲ್ಲಿಯೇ ಮಾಡಿ.

ಮಗು ಚೆನ್ನಾಗಿದೆ ಎಂಬ ಕಾರಣಕ್ಕೆ ಹೊರಡುವುದನ್ನು ಮುಂದೂಡಬೇಡಿ ಎಂಬುದೇ ಈ ಉತ್ತರದಲ್ಲಿ ನಾನು ಮುಖ್ಯವಾಗಿ ಹೇಳಬೇಕಾದ ಮಾತು. ಹೊಟ್ಟೆಯಲ್ಲಿರುವ ಔಷಧವನ್ನು ಹಿಡಿದಿಡುವ ಇದ್ದಿಲು ಮದ್ದನ್ನು ಆಸ್ಪತ್ರೆಯಲ್ಲಿ ಕೊಟ್ಟರೂ, ಅದು ಹೆಚ್ಚು ಫಲ ಕೊಡುವುದು ನುಂಗಿದ ಒಂದು ಗಂಟೆಯೊಳಗೆ. ಅಮ್ಲೋಡಿಪಿನ್‌ನಂತಹ ರಕ್ತದೊತ್ತಡದ ಮಾತ್ರೆ, ಹೃದಯ ಬಡಿತಕ್ಕೆ ಕೊಡುವ ಡಿಗಾಕ್ಸಿನ್, ಮಲೇರಿಯಾಕ್ಕೆ ಕೊಡುವ ಕ್ಲೋರೋಕ್ವಿನ್, ಇವೆಲ್ಲ ಒಂದೆರಡು ಮಾತ್ರೆಯಲ್ಲೇ ಚಿಕ್ಕ ಮಗುವಿನ ಪ್ರಾಣಕ್ಕೆ ಎರವಾಗಬಲ್ಲವು. ದೇವರ ಮುಂದಿನ ಕರ್ಪೂರವನ್ನೂ ಈ ಸಾಲಿಗೆ ಸೇರಿಸಿಕೊಳ್ಳಿ. ಅದನ್ನು ತಿಂದ ಮಗುವಿಗೆ ಕೆಲವೇ ನಿಮಿಷಗಳಲ್ಲಿ ಫಿಟ್ಸ್ ಬರಬಹುದು.

ಅತ್ತೆಯವರಿಗೆ ಈ ಉತ್ತರವನ್ನು ದಯವಿಟ್ಟು ಓದಿ ಹೇಳಿ. ಅಮ್ಮಾ, ಮಂಡಿ ನೋವಿನಲ್ಲಿ ಪ್ರತಿ ಸಲ ಎದ್ದು ಹೋಗಿ ಬೀರುವಿನಿಂದ ಮಾತ್ರೆ ತರುವುದು ಕಷ್ಟವೆಂದು ಅದನ್ನು ಕೈಗೆಟುಕುವ ಸಂಚಿಯಲ್ಲಿ ಇಟ್ಟುಕೊಂಡಿರಬಹುದು, ಅದರಲ್ಲಿ ನಿಮ್ಮ ಅಜಾಗ್ರತೆ ನನಗೆ ಕಾಣುವುದಿಲ್ಲ. ಮೊಮ್ಮಗನಿಗೆ ಆ ಸಂಚಿ ದಿನವೂ ಕಾಣುವ, ಆಗಾಗ ಒಂದು ಕಲ್ಲುಸಕ್ಕರೆ ಸಿಗುವ ಜಾಗ. ಸಂಚಿ ನಿಮ್ಮ ಬಳಿಯೇ ಇರಲಿ. ಮಾತ್ರೆಗಳು ಮಾತ್ರ ಬೀಗವಿರುವ ಪೆಟ್ಟಿಗೆ ಸೇರಲಿ, ಹೊತ್ತುಹೊತ್ತಿಗೆ ಅದನ್ನು ತೆಗೆದು ನಿಮ್ಮ ಕೈಗೆ ಕೊಡುವುದು ಮಗ ಸೊಸೆಯರ ಕೆಲಸವಾಗಲಿ. ಮಗುವನ್ನು ಎತ್ತಿಕೊಳ್ಳಿ, ಅದಕ್ಕೆ ಅಜ್ಜಿ ಬೇಕು.

ಪ್ರಶ್ನೆ: ನನ್ನ ಹೆಂಡತಿ ಗರ್ಭಿಣಿ. ಆಶಾ ಕಾರ್ಯಕರ್ತೆ ಕೊಟ್ಟ ಕೆಂಪು ರಕ್ತದ ಮಾತ್ರೆಗಳಲ್ಲಿ ಎರಡನ್ನು ನಮ್ಮ ನಾಲ್ಕು ವರ್ಷದ ಮಗಳು ಪೆಪ್ಪರ್‌ಮೆಂಟೆಂದು ತಿಂದಳು, ಏನೂ ಆಗಲಿಲ್ಲ. ಶಕ್ತಿ ಮಾತ್ರೆಯಿಂದ ಅಪಾಯವಿಲ್ಲವೆಂದೂ, ಆಸ್ಪತ್ರೆಗೆ ಹೋದರೆ ಪೊಲೀಸ್ ಕೇಸಾಗುತ್ತದೆಂದೂ ಊರಿನವರು ಹೇಳಿದರು. ನಿಜವೇ?
– ಒಬ್ಬ ತಂದೆ, ಜಗಳೂರು ತಾಲ್ಲೂಕು

ಉತ್ತರ: ಎರಡೇ ಮಾತ್ರೆಯಾದ್ದರಿಂದ ಮಗಳು ಪಾರಾದಳು. ಗರ್ಭಿಣಿಯರಿಗೆ ಕೊಡುವ ಈ ಮಾತ್ರೆಯಲ್ಲಿ ಸಾಮಾನ್ಯವಾಗಿ 60 ಮಿಲಿಗ್ರಾಂ ಕಬ್ಬಿಣಾಂಶವಿರುತ್ತದೆ. ತೂಕದ ಪ್ರತಿ ಕಿಲೋಗೆ 20 ಮಿಲಿಗ್ರಾಂ ದಾಟಿದರೆ ತೊಂದರೆ ಶುರುವಾಗುತ್ತದೆ, 60 ಮಿಲಿಗ್ರಾಂ ದಾಟಿದರೆ ಪ್ರಾಣಾಪಾಯ; ಎಂದರೆ ಹತ್ತು ಕಿಲೋ ತೂಕದ ಮಗುವಿಗೆ ಹತ್ತು ಮಾತ್ರೆಗಳು ಜೀವಕ್ಕೇ ಕುತ್ತು ತರಬಹುದು. ದಿನಕ್ಕೊಂದರಂತೆ 180 ದಿನ ನುಂಗಬೇಕಾದ ಮಾತ್ರೆಗಳಾದ್ದರಿಂದ ಮನೆಯಲ್ಲಿ ಅಷ್ಟು ಸಂಗ್ರಹ ಇದ್ದೇ ಇರುತ್ತದೆ. ಕಬ್ಬಿಣದ ವಿಷದಲ್ಲಿ ಮೊದಲ ಆರು ಗಂಟೆಗಳಲ್ಲಿ ವಾಂತಿ, ರಕ್ತಭೇದಿ ಕಾಣಿಸಿ, ಬಳಿಕ ಮಗು ಚೇತರಿಸಿಕೊಂಡಂತೆ ತೋರಿ, ಆಮೇಲೆ ಯಕೃತ್ತು ಕೆಟ್ಟು ಸ್ಥಿತಿ ಕೈಮೀರಬಹುದು. ಆ ನಡುವಣ ನೆಮ್ಮದಿಯನ್ನು ನಂಬಿ ಮನೆಗೆ ಮರಳಿದವರು ಮೋಸಹೋಗುತ್ತಾರೆ. ಇದ್ದಿಲು ಮದ್ದು ಕಬ್ಬಿಣವನ್ನು ಹಿಡಿಯದು. ಅದಕ್ಕೆ ಬೇರೆಯೇ ಚುಚ್ಚುಮದ್ದಿದೆ, ಅದನ್ನು ಆಸ್ಪತ್ರೆಯಲ್ಲೇ ಕೊಡಬೇಕು. ಇಷ್ಟು ಓದಿ ನಿಮ್ಮ ಪತ್ನಿ ಮಾತ್ರೆ ಬಿಡುವುದು ಖಂಡಿತ ಬೇಡ, ಅವರಿಗೆ ಅದು ಅತ್ಯಗತ್ಯ.

ಪೊಲೀಸರ ವಿಷಯದಲ್ಲಿ ಊರಿನವರು ಹೇಳಿದ್ದರಲ್ಲಿ ಅರ್ಧ ಸತ್ಯವಿದೆ. ವಿಷಸೇವನೆಯ ಪ್ರಕರಣಗಳನ್ನು ಆಸ್ಪತ್ರೆಯವರು ಎಂಎಲ್‌ಸಿ (ಮೆಡಿಕೋ ಲೀಗಲ್ ಕೇಸ್, ಅಂದರೆ ಕಾನೂನಿಗೂ ಸಂಬಂಧಿಸಿದ ವೈದ್ಯಕೀಯ ಪ್ರಕರಣ) ಎಂದು ದಾಖಲಿಸಿ ಠಾಣೆಗೆ ತಿಳಿಸುವುದು ವಾಡಿಕೆ. ಅದು ನಡೆದದ್ದರ ದಾಖಲೆ ಅಷ್ಟೇ. ಆಕಸ್ಮಿಕವಾಗಿ ಮಾತ್ರೆ ನುಂಗಿದ ಮಗುವಿನ ತಂದೆತಾಯಿ ಅದರಿಂದ ಅಪರಾಧಿಗಳಾಗುವುದಿಲ್ಲ, ಚಿಕಿತ್ಸೆಯೂ ಅದಕ್ಕಾಗಿ ಕಾಯುವುದಿಲ್ಲ. ಈ ಭಯದಿಂದ ಮನೆಯವರು ‘ಒಂದೇ ಮಾತ್ರೆ’, ‘ಈಗ ತಾನೇ’ ಎಂದು ಸುಳ್ಳು ಹೇಳುವುದೇ ನಮ್ಮ ಲೆಕ್ಕವನ್ನು ತಪ್ಪಿಸುತ್ತದೆ. ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿಂದ ಅಗತ್ಯವಿದ್ದರೆ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಗೋ ಬಾಪೂಜಿ ಮಕ್ಕಳ ಆಸ್ಪತ್ರೆಗೋ ಕಳುಹಿಸುತ್ತಾರೆ.

ಪ್ರಶ್ನೆ: ಜ್ವರದ ಸಿಹಿ ಸಿರಪ್ಪಿನ ಬಾಟಲಿಯನ್ನು ಮಗು ಪೂರ್ತಿ ಕುಡಿದರೆ ಎಷ್ಟು ಹೊತ್ತು ನೋಡಿ ಆಸ್ಪತ್ರೆಗೆ ಹೋಗಬೇಕು?
– ಓದುಗರು, ಹರಿಹರ

ಉತ್ತರ: ನೋಡುತ್ತ ಕೂರುವ ಹಾಗಿಲ್ಲ. 5 ಮಿಲಿಲೀಟರಿಗೆ 250 ಮಿಲಿಗ್ರಾಂ ಇರುವ ಪ್ಯಾರಾಸಿಟಮಾಲ್ ಸಿರಪ್ಪಿನ 60 ಮಿಲಿಲೀಟರ್ ಬಾಟಲಿಯಲ್ಲಿ ಒಟ್ಟು 3 ಗ್ರಾಂ ಔಷಧವಿರುತ್ತದೆ. 12 ಕಿಲೋ ತೂಕದ ಮಗುವಿಗೆ ಅದು ಕಿಲೋಗೆ 250 ಮಿಲಿಗ್ರಾಂ ಆಯಿತು, ಯಕೃತ್ತನ್ನು ಕೆಡಿಸಲು ಅಷ್ಟು ಸಾಕು. ಮೊದಲ ದಿನ ಮಗು ಏನೂ ಆಗದಂತೆ ಇರಬಹುದು. ಕುಡಿದ ನಾಲ್ಕು ಗಂಟೆಗೆ ರಕ್ತ ತೆಗೆದು ಔಷಧದ ಮಟ್ಟ ನೋಡುತ್ತಾರೆ, ಆ ಪರೀಕ್ಷೆಗೆ ಅನುಕೂಲವಿಲ್ಲದಿದ್ದರೆ ಕುಡಿದ ಪ್ರಮಾಣದ ಮೇಲೆಯೇ ನಿರ್ಧರಿಸುತ್ತಾರೆ. ಇದರ ಪ್ರತ್ಯೌಷಧವಾದ ಅಸಿಟೈಲ್‌ಸಿಸ್ಟೀನ್ ಎಂಟು ಗಂಟೆಯೊಳಗೆ ಶುರುವಾದರೆ ಯಕೃತ್ತು ಬಹುಮಟ್ಟಿಗೆ ಉಳಿಯುತ್ತದೆ. ಆದ್ದರಿಂದ ಖಾಲಿ ಬಾಟಲಿ ಕಂಡ ಕೂಡಲೇ, ಅದನ್ನು ಕೈಯಲ್ಲಿ ಹಿಡಿದುಕೊಂಡೇ ಹೊರಡಿ.