ಪ್ರತಿಕ್ರಿಯೆ: ಶಾಸನದ ‘ಮನೆವೆರ್ಗಡೆ’ಯೂ ನಮ್ಮ ‘ಹೆಗಡೆ’ಯೂ ಒಂದೇನಾ?

ನಿಮ್ಮ ಊರಿನ ಕಲ್ಲಿನ ದಾನಶಾಸನದಲ್ಲಿ ‘ಮನೆವೆರ್ಗಡೆ’ ಎಂಬ ಪದ ಕಂಡಿರಿ, ನಿಘಂಟಿನಲ್ಲಿ ಸಿಗಲಿಲ್ಲ, ಹೆಗಡೆಯವರಾದ ನಮ್ಮದು ರಾಜವಂಶ ಅಂತ ಅಜ್ಜ ಹೇಳುತ್ತಾರೆ, ಎರಡೂ ಒಂದೇನಾ ಎಂದು ಕೇಳಿದ್ದೀರಿ. ಪದ ಒಂದೇ. ನಿಘಂಟಿನಲ್ಲಿ ಸಿಗದಿರುವುದಕ್ಕೆ ಕಾರಣ ನೀವು ‘ಮ’ ಮತ್ತು ‘ಹ’ ಅಕ್ಷರದಡಿ ಹುಡುಕಿದ್ದು ಇರಬೇಕು. ‘ಪ’ದಲ್ಲಿ ‘ಪೆರ್ಗಡೆ’ ನೋಡಿ. ಪೆರ್ ಅಂದರೆ ಹಿರಿದು. ಪೆರ್ಜೇನು ಹೆಜ್ಜೇನಾದ ಹಾಗೆಯೇ ಪೆರ್ಗಡೆ ಹೆಗ್ಗಡೆಯಾಗಿ, ಬಾಯಲ್ಲಿ ಸವೆದು ಹೆಗಡೆ, ಹೆಗ್ಡೆ ಆಯಿತು. ‘ಮನೆ’ ಸೇರಿದಾಗ ಪಕಾರ ವಕಾರವಾಗಿದೆ, ಕೈ + ಪಿಡಿ ‘ಕೈವಿಡಿ’ ಆದಂತೆ.

ಆಮೇಲೆ ಶಾಸನದ ಪೂರ್ತಿ ಸಾಲು ಓದಿ. ಪೆರ್ಗಡೆ ಮೂಲತಃ ಹುದ್ದೆ, ಮೇಲಧಿಕಾರಿ. ಹಿಂದೆ ಬರುವ ಪದ ಯಾವ ಇಲಾಖೆ ಅಂತ ಹೇಳುತ್ತದೆ: ಸುಂಕ ಇದ್ದರೆ ತೆರಿಗೆಯವನು, ಮನೆ ಇದ್ದರೆ ಅರಮನೆಯ ಮೇಲ್ವಿಚಾರಕ. ಹಾಗಾಗಿ ನಿಮ್ಮ ಅಜ್ಜ ಹೇಳುವ ‘ರಾಜವಂಶ’ ಈ ಒಂದು ಪದದಿಂದ ಹೊರಡುವುದಿಲ್ಲ (ಅಜ್ಜನಿಗೆ ಮೆಲ್ಲಗೆ ಹೇಳಿ!). ಹುದ್ದೆಯಾಗಿದ್ದರಿಂದಲೇ ಹವ್ಯಕರು, ಬಂಟರು, ಜೈನರು ಮೂವರಲ್ಲೂ ಈ ಹೆಸರಿದೆ. ಧರ್ಮಸ್ಥಳದಲ್ಲಂತೂ ಹೆಗ್ಗಡೆ ಅನ್ನುವುದು ಇವತ್ತಿಗೂ ಪಟ್ಟದ ಜೊತೆಗೇ ಬರುವ ಹೆಸರು.

ಆ ಮನೆವೆರ್ಗಡೆ ನಿಮ್ಮ ಪೂರ್ವಜನೇ ಎಂದು ಕಲ್ಲಿನಿಂದ ಮಾತ್ರ ಹೇಳಲಾಗದು. ಮೊದಲು ಎಪಿಗ್ರಾಫಿಯಾ ಕರ್ನಾಟಿಕದಲ್ಲಿ (ಶಾಸನಗಳ ಪಾಠ ಅಚ್ಚು ಮಾಡಿರುವ ಸಂಪುಟಮಾಲೆ) ನಿಮ್ಮ ತಾಲ್ಲೂಕು ಸೇರಿರುವ ಸಂಪುಟ ತೆಗೆದು ಊರಿನ ಹೆಸರು ಹುಡುಕಿ. ಅಚ್ಚಾದ ಪಾಠ ಸಿಕ್ಕರೆ ನಿಮ್ಮ ನಕಲಿನೊಂದಿಗೆ ಅಕ್ಷರಕ್ಕೆ ಅಕ್ಷರ ಹೋಲಿಸಿ. ಅದರಲ್ಲಿ ದಾನ ಕೊಟ್ಟವನ ತಂದೆಯ ಹೆಸರು, ಊರು ಇದ್ದರೆ ಬರೆದುಕೊಂಡು, ಮನೆಯ ಹಳೆ ಜಮೀನು ಕಾಗದಗಳ ಪಕ್ಕದಲ್ಲಿಟ್ಟು ನೋಡಿ.