ಹಿಮ ಹೆಬ್ಬಾತು ಇಳಿಯದಿದ್ದರೆ

ಪ್ರಶ್ನೆ: ಅಮೆರಿಕದಲ್ಲಿ ಹಿಮ ಹೆಬ್ಬಾತುಗಳ ವಸಂತಕಾಲದ ಬೇಟೆಗೆ 100 ಗಾಳಿಚೀಲದ ಡಿಕಾಯ್ (ಗಾಳಿ ತುಂಬಿ ಉಬ್ಬುವ ಬಟ್ಟೆಯ, ಹಕ್ಕಿಗಳನ್ನು ಸೆಳೆಯುವ ಹುಸಿಹಕ್ಕಿ) ನೆಟ್ಟಿದ್ದೇವೆ. ಹಿಂಡು ಸುತ್ತು ಹಾಕುತ್ತದೆ, ಇಳಿಯುವುದಿಲ್ಲ. ಏಕೆ?

ಉತ್ತರ: ನೂರು ಸಾಲದು. ಸಾವಿರಗಟ್ಟಲೆ ಒಟ್ಟಿಗೆ ಮೇಯುವ ಹಕ್ಕಿಯಿದು. ಬಯಲು ಹೊಲದಲ್ಲಿ 500ರಿಂದ 1,000 ಇರಲಿ. ಅಷ್ಟನ್ನು ಹೊತ್ತು ನೆಡಲು ಗಾಳಿಚೀಲವೇ ಹಗುರ, ಅಗ್ಗ. ಆದರೆ ಗಾಳಿ ನಿಂತರೆ ಅದು ಬರೀ ಜೋತುಬಿದ್ದ ಚಿಂದಿ! ಒಳಗೆ ಆಧಾರದ ಕಡ್ಡಿ ಇರುವುದನ್ನೇ ಕೊಳ್ಳಿ. ಇಳಿಯುವ ಜಾಗದ ಸುತ್ತ 50–60 ಪೂರ್ಣದೇಹದ (ಇಡೀ ಹಕ್ಕಿಯ ಆಕಾರದ) ಡಿಕಾಯ್ ಬೆರೆಸಿ; ಬೂದುಬಣ್ಣದ ಎಳೆಹಕ್ಕಿಗಳ ಡಿಕಾಯ್ ಕೂಡ ನಡುನಡುವೆ ಇರಲಿ.

ಹೆಬ್ಬಾತು ಎದುರುಗಾಳಿಗೆ ಮುಖಮಾಡಿ ಇಳಿಯುತ್ತದೆ. ಹಾಗಾಗಿ ಗಾಳಿ ಬರುವ ಕಡೆ ದಟ್ಟವಾಗಿ ನೆಡಿ, ಗಾಳಿ ಹೋಗುವ ಕಡೆಗೆ ತೆರೆದಂತೆ ಸುಮಾರು 20 ಗಜ ಅಗಲದ ಖಾಲಿ ಜಾಗ ಬಿಡಿ. ಬೇಟೆಗಾರರು ಮಲಗುವುದು ಅದರ ಗಾಳಿ ಬರುವ ಕಡೆಯ ಅಂಚಿನಲ್ಲಿ. ಗಾಳಿ ತಿರುಗಿದರೆ ಸೋಮಾರಿತನ ಬೇಡ, ಖಾಲಿ ಜಾಗವನ್ನೂ ತಿರುಗಿಸಿ. ಪೈರಿನಂತೆ ಸಾಲು ಹಿಡಿದು ನೆಡಬೇಡಿ.

ಇಷ್ಟಾದರೂ ಸುತ್ತುತ್ತಲೇ ಇದ್ದರೆ ದೋಷ ನೀವು ಅಡಗಿರುವ ರೀತಿಯಲ್ಲಿದೆ: ಮೇಲೆತ್ತಿದ ಮುಖ, ಹೊಳೆಯುವ ಬಂದೂಕು. ಹೆಬ್ಬಾತಿನ ಕೂಗನ್ನು ನುಡಿಸುವ ವಿದ್ಯುತ್ ಕೂಗುಯಂತ್ರಕ್ಕೆ ವಸಂತದ ಸಂರಕ್ಷಣಾ ಆದೇಶದಲ್ಲಿ (ಮಿತಿಮೀರಿದ ಹೆಬ್ಬಾತುಗಳ ಸಂಖ್ಯೆ ತಗ್ಗಿಸಲು ಬೇಟೆಗೆ ಅನುಮತಿಸುವ ಆದೇಶ) ಅವಕಾಶವುಂಟು. ಬಳಸುವ ಮುನ್ನ ನಿಮ್ಮ ರಾಜ್ಯದ ನಿಯಮ ಓದಿ.